ಒರಗುವ ಮುನ್ನ ಬಗ್ಗಿ ನೋಡಿ

ರಿಕ್ಲೈನರ್ ಸೋಫಾ ಕೊಳ್ಳಲು ಹೋದವರು ಅಂಗಡಿಯಲ್ಲಿ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ. ಕುಳಿತುಕೊಳ್ಳುತ್ತಾರೆ, ಹಿಡಿಕೆ ಎಳೆಯುತ್ತಾರೆ, ಕಾಲು ಮೇಲೇಳುತ್ತದೆ, ಬೆನ್ನು ಹಿಂದಕ್ಕೆ ವಾಲುತ್ತದೆ, ಕಣ್ಣು ಮುಚ್ಚಿ ಎರಡು ನಿಮಿಷ ಹಾಗೆಯೇ ಇರುತ್ತಾರೆ. ಎದ್ದ ಮೇಲೆ ಬಣ್ಣದ ಮಾತು ಶುರುವಾಗುತ್ತದೆ. ಆ ಎರಡು ನಿಮಿಷ ಹಿತವಾಗಿರದ ಹೊಸ ರಿಕ್ಲೈನರ್ ಸಿಗುವುದೇ ಕಷ್ಟ. ಹೊಸ ಫೋಮ್ ಉಬ್ಬಿಕೊಂಡಿರುತ್ತದೆ, ಹೊಸ ಕೀಲುಗಳು ಸದ್ದಿಲ್ಲದೆ ತಿರುಗುತ್ತವೆ, ಹೊದಿಕೆಯಲ್ಲಿ ಒಂದು ಸುಕ್ಕೂ ಇರುವುದಿಲ್ಲ. ಐದನೆಯ ವರ್ಷದಲ್ಲಿ ಅದು ಹೇಗಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸೀಟಿನ ಅಡಿಯಲ್ಲಿದೆ. ಅಲ್ಲಿ ಬಗ್ಗಿ ನೋಡುವವರು ತೀರಾ ಕಡಿಮೆ.

ನಾಡು ಬಿಟ್ಟು ಹೊರಗೆ ನೆಲೆಸಿದ ನನ್ನಂಥವರಿಗೆ ಈ ಬಗ್ಗಿ ನೋಡುವ ಅಭ್ಯಾಸ ಅನಿವಾರ್ಯವಾಗುತ್ತದೆ. ಹುಟ್ಟಿ ಬೆಳೆದ ಕಡೆ ಇದ್ದವರು ಸಾಮಾನು ಕೊಳ್ಳುವ ರೀತಿ ಒಂದು: ಪರಿಚಯದ ಬಡಗಿ ಇರುತ್ತಾನೆ, ಅವನ ಕೆಲಸವನ್ನು ನಾಲ್ಕು ಮನೆಯಲ್ಲಿ ನೋಡಿರುತ್ತಾರೆ, ಅವನ ಮಾತೇ ಖಾತರಿ. ಹೊರಗೆ ಬಂದವರು ಕೊಳ್ಳುವ ರೀತಿ ಇನ್ನೊಂದು: ಯಾರ ಪರಿಚಯವೂ ಇಲ್ಲ, ಆದ್ದರಿಂದ ಪೆಟ್ಟಿಗೆಯ ಮೇಲೆ ಅಚ್ಚಾದದ್ದು, ವಾರಂಟಿ ಕಾಗದದಲ್ಲಿ ಇರುವುದು, ಇದೇ ಖಾತರಿ. ನಾನು ಎರಡೂ ರೀತಿಯವರ ನಡುವೆ ಬದುಕಿದ್ದೇನೆ. ಮಾತನ್ನು ನಂಬಿದವರ ಸೋಫಾ ಕುಸಿದದ್ದನ್ನೂ ನೋಡಿದ್ದೇನೆ, ಕಾಗದವನ್ನು ನಂಬಿದವರ ಸೋಫಾ ಸುಲಿದದ್ದನ್ನೂ ನೋಡಿದ್ದೇನೆ. ನನ್ನ ಅನಿಸಿಕೆ ಇಷ್ಟು: ರಿಕ್ಲೈನರ್ ಎಂಬುದು ಮೆತ್ತೆ ಹೊದ್ದ ಯಂತ್ರ. ಯಂತ್ರ ಎಂದ ಮೇಲೆ ಯಾವುದಾದರೊಂದು ಭಾಗ ಮೊದಲು ಸವೆದೇ ಸವೆಯುತ್ತದೆ. ಯಾವ ಭಾಗ ಮೊದಲು ಹೋಗುತ್ತದೆ, ಅದನ್ನು ಬದಲಾಯಿಸಿಕೊಡುವವರು ನಾನಿರುವ ಕಡೆ ಇದ್ದಾರೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಬಾಳಿಕೆಯ ಲೆಕ್ಕ ಮುಕ್ಕಾಲು ಪಾಲು ಮುಗಿದಂತೆ.

ಇದು ಮೊದಲು ಯಂತ್ರ, ಆಮೇಲೆ ಸೋಫಾ ಎಂಬುದಕ್ಕೆ ಅದರ ಹುಟ್ಟೇ ಸಾಕ್ಷಿ. ಅಮೆರಿಕದ ಮಿಷಿಗನ್ ರಾಜ್ಯದ ಮನ್ರೋ ಎಂಬ ಊರಿನಲ್ಲಿ ಎಡ್ವರ್ಡ್ ನಬುಶ್ ಮತ್ತು ಎಡ್ವಿನ್ ಶೂಮೇಕರ್ ಎಂಬ ದಾಯಾದಿ ಸೋದರರು 1928ರಲ್ಲಿ ಒರಗಿದರೆ ಹಿಂದಕ್ಕೆ ವಾಲುವ ಕುರ್ಚಿಯೊಂದನ್ನು ಮಾಡಿದರು. ಮುಂದೆ ಲೇಜಿಬಾಯ್ ಎಂದು ಹೆಸರಾದ ಸಂಸ್ಥೆಯ ಮೂಲ ಅದು. ಆ ಮೊದಲ ಕುರ್ಚಿಯಲ್ಲಿ ಮೆತ್ತೆಯೇ ಇರಲಿಲ್ಲ. ಜಗುಲಿಯಲ್ಲಿ ಹಾಕಿಕೊಳ್ಳಲೆಂದು ಮರದ ಪಟ್ಟಿಗಳಿಂದ ಮಾಡಿದ್ದ ಕುರ್ಚಿ, ಬೆನ್ನು ವಾಲಿದಂತೆ ಸೀಟೂ ಜೊತೆಗೆ ಸರಿಯುವ ಕೀಲುಗಳ ಜೋಡಣೆ, ಅಷ್ಟೇ. ವರ್ಷಪೂರ್ತಿ ಮನೆಯೊಳಗೂ ಬಳಸುವಂತಾಗಲಿ ಎಂದು ಮೆತ್ತೆ ಬಂದದ್ದು ಆಮೇಲೆ. 1931ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಇಂದು ಅಂಗಡಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದೆಲ್ಲ ಆಮೇಲೆ ಬಂದದ್ದು. ಮೊದಲು ಬಂದದ್ದು ಸೀಟಿನ ಅಡಿಗೆ ಹೊಡೆದ ಕಪ್ಪು ಬಟ್ಟೆಯ ಹಿಂದೆ ಅಡಗಿದೆ.

ಆ ಕಪ್ಪು ಬಟ್ಟೆಯನ್ನು ಬಿಚ್ಚಿದಾಗ ಏನು ಕಾಣುತ್ತದೆ ಎಂದು ಗೆಳೆಯರೊಬ್ಬರ ಮನೆಯಲ್ಲಿ ಹತ್ತಿರದಿಂದ ನೋಡಿದೆ. ಸೋಫಾ ರಿಪೇರಿಗೆ ಬಂದವರು ಬೆನ್ನನ್ನು ಕಳಚಿ ಪಕ್ಕಕ್ಕಿಟ್ಟು, ಸೀಟನ್ನು ಮುಂದಕ್ಕೆ ಮಗುಚಿ, ಅಡಿಯ ಬಟ್ಟೆಯ ಸ್ಟೇಪಲ್‌ಗಳನ್ನು ಒಂದೊಂದಾಗಿ ಕಿತ್ತರು. ಎರಡೂ ಪಕ್ಕದಲ್ಲಿ ಉಕ್ಕಿನ ಪಟ್ಟಿಗಳು ಕತ್ತರಿಯಂತೆ ಒಂದರ ಮೇಲೊಂದು ಹಾಯ್ದಿದ್ದವು. ಪ್ರತಿ ಕೀಲಿನಲ್ಲೂ ಒಂದು ರಿವೆಟ್, ರಿವೆಟ್ಟಿನ ನಡುವೆ ತೆಳುವಾದ ನೈಲಾನ್ ವಾಷರ್. ಎಡಗಡೆಯ ಒಂದು ಕೀಲಿನಲ್ಲಿ ಆ ವಾಷರ್ ಪುಡಿಯಾಗಿ ಹೋಗಿತ್ತು, ದುಂಡಗಿರಬೇಕಾದ ರಂಧ್ರ ಉದ್ದವಾಗಿ ಮೊಟ್ಟೆಯಾಕಾರಕ್ಕೆ ಬಂದಿತ್ತು. ಸುತ್ತ ಬೂದು ಬಣ್ಣದ ಲೋಹದ ಪುಡಿ. ಆ ಪಟ್ಟಿಯನ್ನು ಹಿಡಿದಿದ್ದ ಸ್ಕ್ರೂ, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನಿಂದ ಅರ್ಧ ಹೊರಗೆ ಬಂದಿತ್ತು, ಬೆರಳಲ್ಲಿ ತಿರುಗಿಸಿದರೆ ಸುಮ್ಮನೆ ಸುತ್ತುತ್ತಿತ್ತು, ಮರದ ಹೊಟ್ಟು ಉದುರುತ್ತಿತ್ತು. ರಿಪೇರಿಯವರು ಹೇಳಿದರು: “ಸರ್, ಕಬ್ಬಿಣ ಹಾಳಾದದ್ದು ಆಮೇಲೆ. ಮೊದಲು ಸ್ಕ್ರೂ ಸಡಿಲವಾಗಿದೆ. ಒಂದು ಕಡೆ ಸಡಿಲವಾದರೆ ಭಾರವೆಲ್ಲ ಇನ್ನೊಂದು ಕಡೆ ಎಳೆಯುತ್ತದೆ, ಆಗ ಕೀಲು ಸೊಟ್ಟ ಸವೆಯುತ್ತದೆ.” ಮೇಲಿನ ಹೊದಿಕೆ ಮಾತ್ರ ಇನ್ನೂ ಹೊಸದರಂತೆ ಹೊಳೆಯುತ್ತಿತ್ತು.

ಆದ್ದರಿಂದ ನಾನು ಮೊದಲ ಸ್ಥಾನ ಕೊಡುವುದು ಚೌಕಟ್ಟಿಗೆ. ಮಾಮೂಲಿ ಸೋಫಾದ ಚೌಕಟ್ಟು ಭಾರವನ್ನು ಹೊತ್ತುಕೊಂಡು ಸುಮ್ಮನಿದ್ದರೆ ಸಾಕು. ರಿಕ್ಲೈನರಿನ ಚೌಕಟ್ಟು ಹಾಗಿರಲು ಆಗುವುದಿಲ್ಲ. ಭಾರ ಅಲ್ಲಿ ಜಾಗ ಬದಲಾಯಿಸುತ್ತಲೇ ಇರುತ್ತದೆ, ಕಾಲು ಚಾಚಿದಾಗ ಮುಂದಕ್ಕೆ, ಒರಗಿದಾಗ ಹಿಂದಕ್ಕೆ, ಎದ್ದೇಳುವಾಗ ಕೈಯಾಸರೆಗಳ ಮೇಲೆ. ಪಾರ್ಟಿಕಲ್ ಬೋರ್ಡ್, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಇವು ಕಪಾಟಿಗೆ ಸರಿ. ಪದೇ ಪದೇ ಅಲುಗುವ ಸ್ಕ್ರೂವನ್ನು ಅವು ಹಿಡಿದಿಟ್ಟುಕೊಳ್ಳುವುದಿಲ್ಲ, ಒಮ್ಮೆ ರಂಧ್ರ ಸಡಿಲವಾದರೆ ಮತ್ತೆ ಬಿಗಿಯಾಗುವುದೂ ಇಲ್ಲ. ಚೆನ್ನಾಗಿ ಒಣಗಿಸಿದ ಗಟ್ಟಿ ಮರ ಅಥವಾ ಹಲವು ಪದರದ ಒಳ್ಳೆಯ ಪ್ಲೈವುಡ್ ಇರಬೇಕು. ಒಣಗಿಸುವುದು ಎಂದರೆ ಬಿಸಿಲಿಗೆ ಇಡುವುದಲ್ಲ, ಬಿಸಿಗೂಡಿನಲ್ಲಿಟ್ಟು ತೇವಾಂಶವನ್ನು ಸಾಮಾನ್ಯವಾಗಿ ಶೇಕಡ 6ರಿಂದ 12ರ ನಡುವೆ ತರುವುದು. ಹಸಿ ಮರ ಮನೆಯೊಳಗೆ ಒಣಗುತ್ತಾ ತಿರುಚಿಕೊಳ್ಳುತ್ತದೆ. ಮಾಮೂಲಿ ಸೋಫಾ ಕೂದಲೆಳೆಯಷ್ಟು ತಿರುಚಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ರಿಕ್ಲೈನರಿನ ಎರಡು ಪಕ್ಕದ ಕೀಲುಗಳು ಒಂದಕ್ಕೊಂದು ಸಮಾನಾಂತರ ತಪ್ಪಿದವೆಂದರೆ ಅಂದಿನಿಂದಲೇ ಸವೆತ ಶುರು.

ಇದೇ ಕಾರಣಕ್ಕೆ, ಪಟ್ಟಿಗಳನ್ನು ಮರಕ್ಕೆ ಕೂಡಿಸಿರುವುದು ಬರಿಯ ಸ್ಕ್ರೂವಿನಿಂದಲೋ ಅಥವಾ ಮರದ ಆಚೆಬದಿಗೆ ಹಾಯ್ದು ನಟ್ ಹಾಕಿದ ಬೋಲ್ಟಿನಿಂದಲೋ ಎಂದು ನೋಡಬೇಕು. ಮೂಲೆಗಳಲ್ಲಿ ಅಂಟು ಹಾಕಿ ಕೂಡಿಸಿದ ತ್ರಿಕೋನದ ಮರದ ತುಂಡುಗಳಿವೆಯೇ, ಬರಿಯ ಸ್ಟೇಪಲ್ ಹೊಡೆದಿದ್ದಾರೆಯೇ ಎಂದೂ ನೋಡಬೇಕು. ಅಂಗಡಿಯಲ್ಲಿ ಬಟ್ಟೆ ಬಿಚ್ಚಲು ಬಿಡುವುದಿಲ್ಲ, ನಿಜ. ಆದರೆ ಕಾಲು ಚಾಚಿ ತೆರೆದಿಟ್ಟು, ಮೊಬೈಲಿನ ದೀಪ ಹಾಕಿ ಒಳಗೆ ಬಗ್ಗಿ ನೋಡಲು ಯಾರೂ ಬೇಡವೆನ್ನುವುದಿಲ್ಲ. ಇನ್ನೊಂದು ಸರಳ ಪರೀಕ್ಷೆಯಿದೆ. ಮುಚ್ಚಿದ ಸ್ಥಿತಿಯಲ್ಲಿ ಮುಂದಿನ ಒಂದು ಮೂಲೆಯನ್ನು ಒಂದು ಗೇಣು ಎತ್ತಿ. ಇನ್ನೊಂದು ಮುಂದಿನ ಮೂಲೆಯೂ ತಕ್ಷಣ ನೆಲ ಬಿಟ್ಟರೆ ಚೌಕಟ್ಟು ಗಟ್ಟಿ. ಅದು ನೆಲಕ್ಕೇ ಅಂಟಿಕೊಂಡಿದ್ದರೆ ನಡುವೆ ಎಲ್ಲೋ ಬಳುಕುತ್ತಿದೆ ಎಂದರ್ಥ. ಆಮೇಲೆ ಫುಟ್‌ರೆಸ್ಟ್ ಪೂರ್ತಿ ತೆರೆದು ಅದನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಸ್ವಲ್ಪ ಅಲುಗುವುದು ಸಹಜ. ಹೊಸದರಲ್ಲಿಯೇ ಲಟಲಟ ಎಂದರೆ ಅದನ್ನು ಬಿಟ್ಟು ಮುಂದೆ ಹೋಗಿ.

ಬಡಗಿಯಿಂದ ಮಾಡಿಸುವುದೋ, ಕಾರ್ಖಾನೆಯದನ್ನು ಕೊಳ್ಳುವುದೋ ಎಂಬ ಹಳೆಯ ಚರ್ಚೆಯಲ್ಲಿ ಎರಡು ಪಕ್ಷದವರೂ ಅರ್ಧ ಸರಿ. ರಿಕ್ಲೈನರಿನ ಉಕ್ಕಿನ ಮೆಕ್ಯಾನಿಸಂ ಅನ್ನು ಬಡಗಿ ತಾನೇ ಮಾಡುವುದಿಲ್ಲ. ಅದು ಬಿಡಿಯಾಗಿ ಸಿಗುತ್ತದೆ, ಅದನ್ನು ತಂದು ಅದರ ಸುತ್ತ ಚೌಕಟ್ಟು ಕಟ್ಟುತ್ತಾನೆ. ಇದರಲ್ಲಿ ಮರ ಯಾವುದು, ಫೋಮ್ ಯಾವುದು ಎಂದು ನೀವೇ ನಿಂತು ನೋಡಬಹುದು, ಮುಂದೆ ಕೆಟ್ಟರೆ ಬಿಚ್ಚಿದವನೇ ಜೋಡಿಸುತ್ತಾನೆ. ಆದರೆ ಎರಡು ಪಕ್ಕದ ಪಟ್ಟಿಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಕರಾರುವಾಕ್ಕಾಗಿ ಒಂದೇ ಇರಬೇಕು. ಕಾರ್ಖಾನೆಯಲ್ಲಿ ಇದಕ್ಕೆ ಅಚ್ಚುಗಳಿವೆ, ಎಲ್ಲ ಚೌಕಟ್ಟುಗಳೂ ಅದೇ ಅಳತೆಗೆ ಕೂರುತ್ತವೆ. ಸಾಮಾನ್ಯ ಸೋಫಾವನ್ನು ಕಣ್ಣಂದಾಜಿನಲ್ಲಿ ಚೆಂದವಾಗಿ ಮಾಡುವ ಕುಶಲಿಯೂ ರಿಕ್ಲೈನರಿನಲ್ಲಿ ಎಡವಬಹುದು. ಹಾಗಾಗಿ ಸಾದಾ ಸೋಫಾವನ್ನು ಬಡಗಿಯಿಂದ ಮಾಡಿಸಿ, ರಿಕ್ಲೈನರನ್ನು ಕಾರ್ಖಾನೆಯಿಂದ ಕೊಳ್ಳಿ ಎನ್ನುವ ಪಕ್ಷ ನನ್ನದು. ರಿಕ್ಲೈನರನ್ನೇ ಮಾಡಿಸುವುದಾದರೆ, ಅವನು ಹಿಂದೆ ಮಾಡಿಕೊಟ್ಟು ಕೆಲವು ವರ್ಷ ಬಳಕೆಯಲ್ಲಿರುವ ಒಂದನ್ನು ಹೋಗಿ ನೋಡಿದ ಮೇಲೆ ಮುಂದುವರಿಯಿರಿ.

ಈಗ ಹಿಡಿಕೆಯೋ ಮೋಟಾರೋ ಎಂಬ ಪ್ರಶ್ನೆ. ಕೈಯಿಂದ ನಡೆಸುವುದರಲ್ಲಿ ಮೂರು ಬಗೆ. ಪಕ್ಕದಲ್ಲಿ ಉದ್ದನೆಯ ಹಿಡಿಕೆ ಇರುವುದು ಒಂದು. ಅದು ನೇರವಾಗಿ ಉಕ್ಕಿನ ದಂಡಕ್ಕೆ ಕೂಡಿರುತ್ತದೆ. ಸೀಟಿನ ಪಕ್ಕದ ಸಣ್ಣ ಕೊಕ್ಕೆಯನ್ನು ಎಳೆಯುವುದು ಇನ್ನೊಂದು. ಅದರೊಳಗೆ ಸೈಕಲ್ಲಿನ ಬ್ರೇಕಿನಲ್ಲಿ ಇರುವಂಥ ತಂತಿ ಇರುತ್ತದೆ, ಆ ತಂತಿ ಎಂದೋ ಒಂದು ದಿನ ತುಂಡಾಗುತ್ತದೆ. ಅದನ್ನು ಬದಲಾಯಿಸುವುದು ಸುಲಭ, ತಂತಿ ಬಿಡಿಯಾಗಿ ಸಿಗುವಂತಿದ್ದರೆ. ಹಿಡಿಕೆಯೇ ಇಲ್ಲದೆ ಬೆನ್ನಿನಿಂದ ಹಿಂದಕ್ಕೆ ಒತ್ತಿದರೆ ತೆರೆದುಕೊಳ್ಳುವುದು ಮೂರನೆಯದು. ಅದರಲ್ಲಿ ಭಾಗಗಳು ಕಡಿಮೆ, ಕೆಡುವುದೂ ಕಡಿಮೆ. ಆದರೆ ಹಗುರ ಮೈಕಟ್ಟಿನವರಿಗೂ ವಯಸ್ಸಾದವರಿಗೂ ಅದನ್ನು ಒತ್ತಿ ತೆರೆಯಲು ಕಷ್ಟವಾಗಬಹುದು, ಒತ್ತಿ ಮುಚ್ಚಲು ಇನ್ನೂ ಕಷ್ಟ.

ಮೋಟಾರಿನದು ಬೇರೆ ಕಥೆ. ಗೋಡೆಯ ವಿದ್ಯುತ್ತು ನೇರವಾಗಿ ಸೋಫಾದೊಳಗೆ ಹೋಗುವುದಿಲ್ಲ. ನಡುವೆ ಒಂದು ಅಡಾಪ್ಟರ್ ಇರುತ್ತದೆ, ಅದು 24ರಿಂದ 29 ವೋಲ್ಟಿನಷ್ಟು ಕಡಿಮೆ ಒತ್ತಡದ ನೇರ ವಿದ್ಯುತ್ತನ್ನು (ಡಿಸಿ) ಮೋಟಾರಿಗೆ ಕೊಡುತ್ತದೆ. ಮೋಟಾರ್ ಒಂದು ತಿರುಪಿನ ದಂಡವನ್ನು ತಿರುಗಿಸುತ್ತದೆ, ಅದು ನಿಧಾನವಾಗಿ ಕೀಲುಗಳನ್ನು ತಳ್ಳುತ್ತದೆ. ಕೈಯಿಂದ ನಡೆಸುವುದು ಬಾಳಿಕೆ, ಮೋಟಾರ್ ಬೇಗ ಕೆಡುತ್ತದೆ ಎಂಬ ಸಾಮಾನ್ಯ ನಂಬಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಿಡಿಕೆಯ ರಿಕ್ಲೈನರ್ ಪ್ರತಿ ಸಲವೂ ಧಡಕ್ಕನೆ ತೆರೆದುಕೊಳ್ಳುತ್ತದೆ, ಹಿಮ್ಮಡಿಯಿಂದ ಒದ್ದು ಮುಚ್ಚುತ್ತೇವೆ. ಆ ಪೆಟ್ಟೆಲ್ಲ ರಿವೆಟ್ಟುಗಳ ಮೇಲೆ. ಮೋಟಾರ್ ಒಂದೇ ವೇಗದಲ್ಲಿ ನಡೆಸುವುದರಿಂದ ಕೀಲುಗಳು ನಿಧಾನ ಸವೆಯುತ್ತವೆ. ಅಲ್ಲಿ ಕೆಡುವ ಭಾಗಗಳು ಬೇರೆ: ಗುಂಡಿ, ಅಡಾಪ್ಟರ್, ವೈರಿನ ಕೂಡುತುದಿಗಳು, ಆಮೇಲೆ ಮೋಟಾರ್. ಇವೆಲ್ಲವೂ ಎಳೆದು ತೆಗೆದು ಹೊಸದನ್ನು ಸಿಕ್ಕಿಸುವಂಥವು ಆಗಿದ್ದರೆ ಭಯಪಡಬೇಕಾಗಿಲ್ಲ. ಮೋಟಾರಿನ ಮೇಲೆ ತಯಾರಕರ ಹೆಸರು, ಮಾದರಿ ಸಂಖ್ಯೆ ಇರುವ ಚೀಟಿ ಅಂಟಿಸಿರಬೇಕು. ಒಕಿನ್, ಲಿಮೋಸ್‌ನಂಥ ಸಂಸ್ಥೆಗಳು ಮೋಟಾರುಗಳನ್ನೇ ಮಾಡುತ್ತವೆ, ಲೆಗೆಟ್ ಆಂಡ್ ಪ್ಲಾಟ್‌ನಂಥವು ಉಕ್ಕಿನ ಮೆಕ್ಯಾನಿಸಂಗಳನ್ನು ಮಾಡುತ್ತವೆ. ಇಂಥ ಗುರುತಿರುವ ಭಾಗ ಕೆಟ್ಟರೆ ಸೋಫಾ ಮಾರಿದ ಅಂಗಡಿ ಮುಚ್ಚಿಹೋಗಿದ್ದರೂ ಬದಲಿ ಹುಡುಕಬಹುದು. ಹೆಸರೇ ಇಲ್ಲದ ಮೋಟಾರ್ ಕೆಟ್ಟಿತೆಂದರೆ ಇಡೀ ಸೀಟೇ ಕೆಟ್ಟಂತೆ.

ದೇಶದಿಂದ ದೇಶಕ್ಕೆ ಹೋಗುವವರು ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ಎಂದು ಓದಿಕೊಳ್ಳಬೇಕು. ಹಾಗಿದ್ದರೆ ಪ್ಲಗ್ ಬದಲಾಯಿಸಿದರೆ ಸಾಕು. ವಿದ್ಯುತ್ ಹೋದಾಗ ಕಾಲು ಚಾಚಿದ ಸ್ಥಿತಿಯಲ್ಲೇ ನಿಂತುಬಿಡುತ್ತದೆ ಎಂಬುದನ್ನೂ ನೆನಪಿಡಿ. ತಾವಾಗಿ ಕೆಳಗಿಳಿಯಲಾರದ ಹಿರಿಯರು ಮನೆಯಲ್ಲಿದ್ದರೆ ಬ್ಯಾಟರಿಯ ಆಸರೆ ಇರುವುದನ್ನೇ ಕೊಳ್ಳಿ, ಆ ಬ್ಯಾಟರಿ ಎಷ್ಟು ಸಲ ಮುಚ್ಚಿ ತೆರೆಯಬಲ್ಲದು ಎಂದು ಕೇಳಿ. ಬೆನ್ನಿಗೊಂದು, ಕಾಲಿಗೊಂದು, ತಲೆಗೊಂದು ಎಂದು ಮೋಟಾರುಗಳ ಸಂಖ್ಯೆ ಹೆಚ್ಚಿದಷ್ಟೂ ಸುಖ ಹೆಚ್ಚು, ಕೆಡುವ ಜಾಗವೂ ಹೆಚ್ಚು. ಬಿಸಿ ಮಾಡುವ ಸೀಟು, ಮಸಾಜು, ತಂಪಿನ ಲೋಟದ ಗೂಡು, ದೀಪ, ಇವನ್ನೆಲ್ಲ ನಾನು ಬೇಡವೆನ್ನುತ್ತೇನೆ.

ಕುಳಿತುಕೊಳ್ಳುವ ಭಾಗದ ಬಾಳಿಕೆ ನಿಂತಿರುವುದು ಸ್ಪ್ರಿಂಗ್ ಮತ್ತು ಫೋಮಿನ ಮೇಲೆ. ಅಡಿಯಲ್ಲಿ ಹಾವಿನಂತೆ ಬಳುಕಿದ ಉಕ್ಕಿನ ತಂತಿಯ ಸ್ಪ್ರಿಂಗುಗಳಿದ್ದರೆ ತಂತಿ ಸುಮಾರು 4 ಮಿಲಿಮೀಟರ್ ದಪ್ಪವಿರಲಿ, ಸಾಲುಗಳು ಒತ್ತೊತ್ತಾಗಿರಲಿ, ಸಾಲಿನಿಂದ ಸಾಲಿಗೆ ಅಡ್ಡತಂತಿ ಬಿಗಿದಿರಲಿ. ಚೀಲದೊಳಗಿನ ಸುರುಳಿ ಸ್ಪ್ರಿಂಗ್ ಇದ್ದರೆ ಇನ್ನೂ ಒಳ್ಳೆಯದು. ಬರಿಯ ರಬ್ಬರ್ ಪಟ್ಟಿಗಳನ್ನು ಎಳೆದು ಕಟ್ಟಿದ್ದರೆ ಅವು ಕೆಲವು ವರ್ಷಗಳಲ್ಲಿ ಜೋತುಬೀಳುತ್ತವೆ. ಬೆನ್ನಿನ ಕಡೆ ಪಟ್ಟಿ ಪರವಾಗಿಲ್ಲ, ಸೀಟಿನಡಿ ಬೇಡ.

ಫೋಮಿನ ವಿಷಯದಲ್ಲಿ ಅಂಗಡಿಯವರೂ ಕೊಳ್ಳುವವರೂ ಗಟ್ಟಿತನವನ್ನೂ ಸಾಂದ್ರತೆಯನ್ನೂ ಒಂದೇ ಎಂದುಕೊಂಡಿರುತ್ತಾರೆ. ಬೆರಳಿನಿಂದ ಒತ್ತಿ, “ಗಟ್ಟಿಯಿದೆ, ಬಾಳಿಕೆ ಬರುತ್ತದೆ” ಎನ್ನುತ್ತಾರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು ಸಾಂದ್ರತೆ. 32 ಡೆನ್ಸಿಟಿ ಎಂದರೆ 32 ಕಿಲೋ, 40 ಎಂದರೆ 40 ಕಿಲೋ. ಫೋಮನ್ನು ಇಂತಿಷ್ಟು ತಗ್ಗಿಸಲು ಎಷ್ಟು ಬಲ ಬೇಕು ಎಂಬುದು ಗಟ್ಟಿತನ, ಅದನ್ನು ಬೇರೆಯಾಗಿಯೇ ಅಳೆಯುತ್ತಾರೆ. ಸಾಂದ್ರತೆ ಕಡಿಮೆಯಿರುವ ಫೋಮನ್ನು ರಾಸಾಯನಿಕದ ಹದ ಬದಲಾಯಿಸಿ ಗಟ್ಟಿ ಮಾಡಬಹುದು. ಅಂಥದ್ದು ಮೊದಲ ತಿಂಗಳು ಗಟ್ಟಿ, ಎರಡನೆಯ ವರ್ಷ ಗುಂಡಿ. ಸಾಂದ್ರತೆ ಹೆಚ್ಚಿರುವುದು ಮೆತ್ತಗಿದ್ದರೂ ತನ್ನ ಆಕಾರಕ್ಕೆ ಮರಳುತ್ತದೆ. ರಿಕ್ಲೈನರಿನಲ್ಲಿ ನಾವು ಮಾಮೂಲಿ ಸೋಫಾದಂತೆ ಅಲ್ಲಿ ಇಲ್ಲಿ ಸರಿದು ಕೂರುವುದಿಲ್ಲ. ಅದೇ ಜಾಗ, ಅದೇ ಭಾರ, ಗಂಟೆಗಟ್ಟಲೆ. ಆದ್ದರಿಂದ ಸೀಟಿಗೆ 32ಕ್ಕಿಂತ ಕಡಿಮೆ ಬೇಡ, 40 ಸಿಕ್ಕರೆ ಉತ್ತಮ. ಬೆನ್ನಿಗೂ ತಲೆಗೂ ಕಡಿಮೆ ಸಾಂದ್ರತೆಯದು ನಡೆಯುತ್ತದೆ. ಈ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಲ್ಲಿ ನಲವತ್ತು ಎಂದವರು ಬರೆಯುವಾಗ ತಡವರಿಸಿದರೆ ಅದೂ ಒಂದು ಉತ್ತರವೇ. ಸೀಟಿನ ಮೆತ್ತೆಗೆ ಜಿಪ್ ಇದ್ದರೆ, ಅಥವಾ ಒಳಗಿನ ಫೋಮ್ ಒಂದನ್ನೇ ಬದಲಾಯಿಸುವಂತಿದ್ದರೆ ಅಂಥದ್ದಕ್ಕೆ ನಾನು ಸ್ವಲ್ಪ ಹೆಚ್ಚು ಹಣ ಕೊಡಲು ಸಿದ್ಧ. ಚೌಕಟ್ಟು ಗಟ್ಟಿಯಿದ್ದರೆ ಹೊಸ ಫೋಮಿನೊಂದಿಗೆ ಸೋಫಾಕ್ಕೆ ಎರಡನೆಯ ಆಯಸ್ಸು ಬರುತ್ತದೆ.

ಹೊದಿಕೆಯ ಬಗ್ಗೆ ಮಾತ್ರ ಹೊರಗೆ ಅಲೆದ ಅನುಭವ ಬಹಳ ಕಲಿಸಿದೆ. ತೇವದ ಹವೆಯ ಜಾಗದಲ್ಲಿಯೂ ಇದ್ದೇನೆ, ಚರ್ಮ ಬಿರಿಯುವ ಒಣ ಹವೆಯಲ್ಲಿಯೂ ಇದ್ದೇನೆ. ಒಂದು ಕಡೆ ಬಾಳಿದ್ದು ಇನ್ನೊಂದು ಕಡೆ ಬಾಳುವುದಿಲ್ಲ. ಪಿಯು ಲೆದರ್ ಎಂದು ಮಾರುವುದು ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ ಕೂಡಿಸಿದ್ದು. ಅದರ ಅಗ್ಗದ ಬಗೆಗಳನ್ನು ಗಾಳಿಯ ತೇವವೇ ಒಳಗಿನಿಂದ ಒಡೆಯುತ್ತದೆ. ನೀರಿನ ಅಣುಗಳು ಪ್ಲಾಸ್ಟಿಕ್ಕಿನ ಸರಪಳಿಯನ್ನು ತುಂಡರಿಸುತ್ತವೆ, ಮೊದಲು ಅಂಟಂಟಾಗುತ್ತದೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬಳಸದೆ ಮುಚ್ಚಿಟ್ಟರೂ ಇದು ನಿಲ್ಲುವುದಿಲ್ಲ. ಪಾಲಿಕಾರ್ಬೊನೇಟ್ ಆಧಾರದ ಪಿಯು ಇದನ್ನು ಹೆಚ್ಚು ತಡೆಯುತ್ತದೆ. ಬಾಂಡೆಡ್ ಲೆದರ್ ಎಂಬುದು ಚರ್ಮದ ಚೂರುಗಳನ್ನು ಪುಡಿಮಾಡಿ ಅಂಟಿನಲ್ಲಿ ಕೂಡಿಸಿ ಹಾಳೆ ಮಾಡಿದ್ದು. ಯುರೋಪಿನ ಇಎನ್ 15987 ಮಾನದಂಡದ ಪ್ರಕಾರ ಆ ಹೆಸರು ಹಾಕಲು ತೂಕದಲ್ಲಿ ಅರ್ಧದಷ್ಟಾದರೂ ಚರ್ಮದ ನಾರು ಇರಬೇಕು. ಅರ್ಧ ಇದ್ದರೂ ರಿಕ್ಲೈನರಿಗೆ ಅದು ಸಲ್ಲದು, ಏಕೆಂದರೆ ರಿಕ್ಲೈನರಿನ ಹೊದಿಕೆ ದಿನವೂ ಅದೇ ಗೆರೆಯಲ್ಲಿ ಮಡಚಿ ಬಿಡಿಸಿಕೊಳ್ಳುತ್ತದೆ. ಸೀಟೂ ಫುಟ್‌ರೆಸ್ಟೂ ಕೂಡುವ ಮಡಿಕೆಯನ್ನು ನೋಡಿ, ಬಿರುಕು ಅಲ್ಲಿಂದಲೇ ಆರಂಭ.

ನಿಜವಾದ ಚರ್ಮವನ್ನೇ ಕೊಳ್ಳುವವರು ಅದು ಎಲ್ಲೆಲ್ಲಿದೆ ಎಂದು ಕೇಳಬೇಕು. ಮೈ ತಾಗುವ ಕಡೆ ಮಾತ್ರ ಚರ್ಮ, ಪಕ್ಕಕ್ಕೂ ಹಿಂಭಾಗಕ್ಕೂ ಅದೇ ಬಣ್ಣದ ರೆಕ್ಸಿನ್ ಹಾಕುವುದು ಸಾಮಾನ್ಯ ಪದ್ಧತಿ, ಬೆಲೆ ಅದಕ್ಕೆ ತಕ್ಕಂತಿದ್ದರೆ ಮೋಸವೇನಲ್ಲ. ಮೇಲ್ಪದರದ ಚರ್ಮ ದಶಕ ದಾಟಿ ಬರುತ್ತದೆ, ಆದರೆ ಒಣ ಹವೆಯಲ್ಲಿ, ಕಿಟಕಿಯ ಬಿಸಿಲಲ್ಲಿ, ಹೀಟರಿನ ಪಕ್ಕದಲ್ಲಿ ಬಿರಿಯುತ್ತದೆ. ತೇವದ ಕಡೆ ಬೂಸ್ಟು ಹಿಡಿಯುತ್ತದೆ. ಎರಡಕ್ಕೂ ಆರೈಕೆ ಬೇಕು. ಆರೈಕೆಗೆ ಸಮಯವಿಲ್ಲದವರಿಗೆ, ಪದೇ ಪದೇ ಊರು ಬದಲಾಯಿಸುವವರಿಗೆ, ನನ್ನ ಆಯ್ಕೆ ಒತ್ತಾಗಿ ನೇಯ್ದ ಬಟ್ಟೆ. ಬಟ್ಟೆಯ ಉಜ್ಜುವಿಕೆಯನ್ನು ಅಳೆಯಲು ಎರಡು ಪರೀಕ್ಷೆಗಳು ಬಳಕೆಯಲ್ಲಿವೆ. ಮಾರ್ಟಿನ್‌ಡೇಲ್‌ನಲ್ಲಿ ಎಂಟರ ಅಂಕಿಯಂತೆ ಸುತ್ತಿ ಉಜ್ಜುತ್ತಾರೆ, ವೈಜೆನ್‌ಬೀಕ್‌ನಲ್ಲಿ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹೋಲಿಸುವಂತಿಲ್ಲ. ದಿನನಿತ್ಯ ಬಳಸುವ ಮನೆಯ ಸೋಫಾಕ್ಕೆ ಮಾರ್ಟಿನ್‌ಡೇಲ್‌ನಲ್ಲಿ 25,000 ಅಥವಾ ವೈಜೆನ್‌ಬೀಕ್‌ನಲ್ಲಿ 15,000 ಸಲದ ಉಜ್ಜುವಿಕೆ ತಾಳುವಂತಿದ್ದರೆ ಸಾಕು. ಲಕ್ಷದ ಸಂಖ್ಯೆ ತೋರಿಸಿ ಹೆಚ್ಚು ಬೆಲೆ ಕೇಳಿದರೆ ಬೆರಗಾಗಬೇಡಿ. ಮನೆಯ ಸೋಫಾದ ಬಟ್ಟೆ ಸವೆಯುವುದಕ್ಕಿಂತ ಬಹಳ ಮೊದಲು ತಲೆ ಮತ್ತು ಕೈ ತಾಗುವ ಕಡೆ ಜಿಡ್ಡಾಗಿರುತ್ತದೆ. ಅಲ್ಲಿಗೆ ತೆಗೆದು ಒಗೆಯುವ ಬಟ್ಟೆ ಹಾಕಿಕೊಳ್ಳುವುದು ಎಲ್ಲ ಪರೀಕ್ಷೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಳತೆಯ ಮಾತನ್ನು ಬೇಗ ಮುಗಿಸುತ್ತೇನೆ. ಪೂರ್ತಿ ತೆರೆದಾಗ ಹಿಂದಿನಿಂದ ಪಾದದ ತುದಿಯವರೆಗೆ ಸುಮಾರು 160ರಿಂದ 175 ಸೆಂಟಿಮೀಟರ್ ಬೇಕಾಗುತ್ತದೆ. ಹಳೆಯ ಮಾದರಿಯವು ಗೋಡೆಯಿಂದ ಒಂದಡಿಗೂ ಹೆಚ್ಚು ಮುಂದೆ ನಿಲ್ಲಬೇಕು; ಒರಗುವಾಗ ಸೀಟೇ ಮುಂದಕ್ಕೆ ಜಾರುವ ಮಾದರಿಯನ್ನು ಗೋಡೆಗೆ ಹತ್ತಿರವಿಡಬಹುದು. ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟು, ಇವನ್ನೆಲ್ಲ ಅಳೆದುಕೊಂಡೇ ಹೋಗಿ. ಬೆನ್ನು ಕೊಂಡಿಯಿಂದ ಕಳಚಿ ಬರುವಂತಿರಬೇಕು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವ ನಮ್ಮಂಥವರಿಗೆ ಇದು ಮುಖ್ಯ. ರಿಕ್ಲೈನರುಗಳು ಬಳಸುವಾಗ ಕೆಡುವುದಕ್ಕಿಂತ ಸಾಗಿಸುವಾಗ ಕೆಡುವುದೇ ಹೆಚ್ಚೇನೋ ಎನಿಸುವಷ್ಟು ಕಂಡಿದ್ದೇನೆ. ಫುಟ್‌ರೆಸ್ಟನ್ನೋ ಹಿಡಿಕೆಯನ್ನೋ ಹಿಡಿದು ಎತ್ತಿದರೆ ಕೀಲು ಬಾಗಿತೆಂದೇ ತಿಳಿಯಿರಿ. ಬೆನ್ನು ಕಳಚಿ, ಫುಟ್‌ರೆಸ್ಟನ್ನು ಹಗ್ಗದಿಂದ ಕಟ್ಟಿ, ಅಡಿಯ ಚೌಕಟ್ಟನ್ನು ಹಿಡಿದೇ ಎತ್ತಬೇಕು.

ಇಲ್ಲಿಯೇ ನನ್ನ ಇನ್ನೊಂದು ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಮೂರು ಜನ ಕೂರುವ ಸೋಫಾದಲ್ಲಿ ಮೂರೂ ಒರಗಬೇಕು ಎಂಬ ಆಸೆ ಬೇಡ. ಅದೇ ಹಣಕ್ಕೆ ಗಟ್ಟಿಯಾದ ಒಂದು ಸಾದಾ ಸೋಫಾ, ಪಕ್ಕದಲ್ಲಿ ಒಳ್ಳೆಯ ಮೆಕ್ಯಾನಿಸಂ ಇರುವ ಒಂದೋ ಎರಡೋ ಒಂಟಿ ರಿಕ್ಲೈನರ್ ಬರುತ್ತವೆ. ಒಂಟಿಯದು ಬಾಗಿಲಲ್ಲಿ ಸಲೀಸಾಗಿ ಹೋಗುತ್ತದೆ, ಕೆಟ್ಟರೆ ಅದೊಂದನ್ನೇ ರಿಪೇರಿಗೆ ಕಳುಹಿಸಬಹುದು, ಉಳಿದವರು ಕೂರಲು ಜಾಗವಿರುತ್ತದೆ. ಮೂರನ್ನೂ ಕೂಡಿಸಿದ ಸೋಫಾದಲ್ಲಿ ಒಂದು ಕೀಲು ಮುರಿದರೆ ರಿಪೇರಿಗೆ ಇಡೀ ಸೋಫಾವನ್ನೇ ಮಗುಚಬೇಕು. ಎಲ್ಲರೂ ಒಟ್ಟಿಗೆ ಕಾಲು ಚಾಚುವ ಮನೆಗಳೂ ಇವೆ, ಇಲ್ಲವೆನ್ನುವುದಿಲ್ಲ. ಅಂಥವರು ಎರಡು ತುದಿಯ ಸೀಟು ಒರಗುವ, ನಡುವಿನದು ಸ್ಥಿರವಾದ ಮಾದರಿಯನ್ನು, ಮೂರು ಭಾಗವಾಗಿ ಬಿಡಿಸಿಕೊಳ್ಳುವಂಥದ್ದನ್ನು ನೋಡಲಿ.

ಕೊಳ್ಳುವ ದಿನ ಅದರಲ್ಲಿ ದಿನವೂ ಕೂರುವವರನ್ನೇ ಕರೆದುಕೊಂಡು ಹೋಗಿ. ಮಗ ಎತ್ತರದವನು, ಅವನಿಗೆ ಸರಿಹೊಂದಿದ ಸೀಟಿನಲ್ಲಿ ಅಮ್ಮನ ಮಂಡಿ ಅಂಚಿಗೆ ಬರುವುದೇ ಇಲ್ಲ, ಸೊಂಟಕ್ಕೂ ಬೆನ್ನಿಗೂ ನಡುವೆ ಖಾಲಿ ಉಳಿಯುತ್ತದೆ, ಅವರು ಮುಂದಕ್ಕೆ ಜರುಗಿ ಫುಟ್‌ರೆಸ್ಟಿನ ಬುಡದಲ್ಲಿ ಕೂರತೊಡಗುತ್ತಾರೆ. ಫುಟ್‌ರೆಸ್ಟ್ ಕಾಲಿನ ಭಾರಕ್ಕೆ ಮಾಡಿದ್ದು, ಮೈ ಭಾರಕ್ಕಲ್ಲ. ಹೀಗೆ ಹೊಂದದ ಅಳತೆಯೇ ಕೀಲನ್ನು ಮುರಿಯುತ್ತದೆ. ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಕೂರಿ, ಒರಗಿದ ಸ್ಥಿತಿಯಲ್ಲಿ ಕುತ್ತಿಗೆ ಮುಂದಕ್ಕೆ ತಳ್ಳಿದಂತಾಗುತ್ತದೆಯೇ ನೋಡಿ, ಹಿಮ್ಮಡಿ ಫುಟ್‌ರೆಸ್ಟಿನ ಮೇಲೆ ಬರುತ್ತದೆಯೇ ಅಥವಾ ಗಾಳಿಯಲ್ಲಿ ನೇತಾಡುತ್ತದೆಯೇ ನೋಡಿ, ಕೈ ಊರದೆ ಏಳಲಾಗುತ್ತದೆಯೇ ನೋಡಿ. ಪ್ರತಿ ಸೀಟೂ ಎಷ್ಟು ಕಿಲೋ ಭಾರಕ್ಕೆ ಎಂದು ಕೇಳಿ, ಮನೆಯ ದೊಡ್ಡ ಮೈಕಟ್ಟಿನವರ ತೂಕಕ್ಕಿಂತ ಸಾಕಷ್ಟು ಹೆಚ್ಚಿರಲಿ. ಪುಟ್ಟ ಮಕ್ಕಳಿದ್ದರೆ, ತೆರೆದಾಗ ಸೀಟಿಗೂ ಫುಟ್‌ರೆಸ್ಟಿಗೂ ನಡುವೆ ಉಳಿಯುವ ಸಂದಿಯನ್ನು ನೋಡಲೇಬೇಕು. ಮಗುವಿನ ತಲೆ ತೂರುವಷ್ಟು ಸಂದಿ ಇದ್ದರೆ ಎಷ್ಟೇ ಬಾಳಿಕೆಯದಾದರೂ ಆ ಸೋಫಾ ಬೇಡ. ಬಳಸದಾಗ ಸದಾ ಮುಚ್ಚಿಡಬೇಕು, ಮೋಟಾರಿನದನ್ನು ಮುಚ್ಚುವ ಮುನ್ನ ಅಡಿಯಲ್ಲಿ ಮಗುವೋ ಬೆಕ್ಕೋ ಇಲ್ಲವೆಂದು ನೋಡಿಕೊಳ್ಳಬೇಕು.

ವಾರಂಟಿ ಕಾಗದವನ್ನು ನಂಬುವ ನಮ್ಮ ಹೊರನಾಡಿನವರಿಗೆ ಒಂದು ಮಾತು. ದೊಡ್ಡ ಅಕ್ಷರದಲ್ಲಿ ಹತ್ತು ವರ್ಷ ಎಂದಿರುವುದು ಸಾಮಾನ್ಯವಾಗಿ ಚೌಕಟ್ಟಿಗೋ ಉಕ್ಕಿನ ಪಟ್ಟಿಗೋ. ಫೋಮಿಗೆ, ಹೊದಿಕೆಗೆ, ಮೋಟಾರಿಗೆ, ಹೊಲಿಗೆಗೆ ಬೇರೆ ಬೇರೆ ಅವಧಿ ಇರುತ್ತದೆ, ಹೆಚ್ಚಾಗಿ ಬಹಳ ಕಡಿಮೆ. ಬೇಗ ಕೆಡುವುದಕ್ಕೆ ಕಡಿಮೆ ಅವಧಿ, ಕೆಡದೇ ಇರುವುದಕ್ಕೆ ದೀರ್ಘ ಅವಧಿ ಕೊಟ್ಟಿರುತ್ತಾರೆ. ಭಾಗ ಉಚಿತ ಎಂದಿದ್ದರೆ ಕೂಲಿ ಯಾರದ್ದು, ಸಾಗಾಟ ಯಾರದ್ದು, ಮನೆ ಬದಲಾಯಿಸಿ ಬೇರೆ ಊರಿಗೆ ಹೋದರೂ ಸಲ್ಲುತ್ತದೆಯೇ, ಬೇರೆಯವರಿಗೆ ಮಾರಿದರೆ ಸಲ್ಲುತ್ತದೆಯೇ ಎಂಬುದೆಲ್ಲ ಸಣ್ಣ ಅಕ್ಷರದಲ್ಲಿರುತ್ತದೆ. ನಾನು ಅಂಗಡಿಯವರಿಗೆ ಕೇಳುವ ಪ್ರಶ್ನೆ ಒಂದು: “ಈ ಮಾದರಿಯ ಎಡಪಕ್ಕದ ಮೆಕ್ಯಾನಿಸಂ ಒಂದನ್ನೇ ಬಿಡಿಯಾಗಿ ತರಿಸಿಕೊಡುತ್ತೀರಾ, ಎಷ್ಟಾಗುತ್ತದೆ?” ಬೆಲೆ ಹೇಳಬಲ್ಲವರು ಅದನ್ನು ತರಿಸಿ ಕೊಟ್ಟವರೇ ಆಗಿರುತ್ತಾರೆ. ಕೊಳ್ಳುವ ಮುನ್ನವೇ ಹತ್ತಿರದ ಸೋಫಾ ರಿಪೇರಿಯವರ ಬಳಿ ಹೋಗಿ, ಅವರ ಬಳಿಗೆ ಹೆಚ್ಚಾಗಿ ಬರುವ ರಿಕ್ಲೈನರುಗಳು ಯಾವುವು, ಏನು ಕೆಟ್ಟು ಬರುತ್ತವೆ ಎಂದು ಕೇಳುವುದು ಇನ್ನೂ ಒಳ್ಳೆಯದು. ಪರಿಚಯದ ಬಡಗಿ ಇಲ್ಲದ ಕಡೆ ಆ ಬಡಗಿಯ ಜಾಗ ತುಂಬುವವರು ಇವರೇ. ಮಾರುವವರಿಗೆ ಗೊತ್ತಿರುವುದು ಹೊಸ ಸೋಫಾ. ಇವರಿಗೆ ಗೊತ್ತಿರುವುದು ಹಳೆಯ ಸೋಫಾ.

ಮನೆಗೆ ಬಂದ ಮೇಲಿನ ಕೆಲಸ ಕಡಿಮೆ, ಆದರೆ ತಪ್ಪಿಸುವಂತಿಲ್ಲ. ಮೊದಲ ಕೆಲವು ತಿಂಗಳಲ್ಲಿ ಬೋಲ್ಟುಗಳು ಒಮ್ಮೆ ಸಡಿಲವಾಗುತ್ತವೆ, ಬಿಗಿಮಾಡಿದರೆ ಆಮೇಲೆ ನಿಲ್ಲುತ್ತವೆ. ಬಿಟ್ಟರೆ ನಾನು ಗೆಳೆಯರ ಮನೆಯಲ್ಲಿ ಕಂಡ ಮೊಟ್ಟೆಯಾಕಾರದ ರಂಧ್ರವೇ ಗತಿ. ವರ್ಷಕ್ಕೊಮ್ಮೆಯೋ ಎರಡು ಸಲವೋ ತೆರೆದಿಟ್ಟು ಕೀಲುಗಳ ಧೂಳು, ಕೂದಲು ತೆಗೆಯಬೇಕು. ಸದ್ದು ಬಂದರೆ ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಬಾರದು, ಅದು ಧೂಳನ್ನು ಹಿಡಿದು ಅರೆಯುತ್ತದೆ. ಒಣಗಿ ಉಳಿಯುವ ಸಿಲಿಕಾನ್ ಸ್ಪ್ರೇಯನ್ನು ಹೊದಿಕೆಗೆ ತಾಗದಂತೆ ಸ್ವಲ್ಪವೇ ಹಾಕಬೇಕು. ಮುಚ್ಚುವಾಗ ಎರಡೂ ಹಿಮ್ಮಡಿಯನ್ನು ನಡುವಿಗೆ ತಂದು ಸಮನಾಗಿ ಒತ್ತಬೇಕು. ಒಂದೇ ಕಾಲಿನಿಂದ ಮೂಲೆಯಲ್ಲಿ ಒದ್ದರೆ ಆ ಪಕ್ಕದ ಕೀಲೇ ಮೊದಲು ಹೋಗುತ್ತದೆ. ಸೋಫಾ ಬಂದ ದಿನವೇ, ಸಾಗಿಸಿ ತಂದವರು ಇನ್ನೂ ಇರುವಾಗಲೇ, ಅದನ್ನು ಮುಂದಕ್ಕೆ ಮಗುಚಿಸಿ ಅಡಿಯ ಚೀಟಿ, ಮೋಟಾರಿನ ಸಂಖ್ಯೆ, ಅಡಾಪ್ಟರಿನ ಮೇಲಿನ ಬರಹ, ಬಟ್ಟೆಯ ಸಂಕೇತ ಎಲ್ಲದರ ಫೋಟೋ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಚೀಟಿಗಳು ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತವೆ, ಭಾಗ ಬೇಕಾಗುವುದು ಆಮೇಲೆಯೇ.